‘ಇನ್ನೂ ಏರಿಲ್ಲ’ ಎಂಬ ಮುಕ್ಕಾಲು ಗಂಟೆ

ಗಾಂಜಾ ಬೆರೆತ ತಿನಿಸು ತಿಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವವರ ಕಥೆ ಹೆಚ್ಚೂಕಡಿಮೆ ಒಂದೇ. ‘ಒಂದು ತಿಂದೆ, ಏನೂ ಆಗಲಿಲ್ಲ. ಅದಕ್ಕೇ ಇನ್ನೊಂದು ತಿಂದೆ.’ ಈ ‘ಅದಕ್ಕೇ’ ಕಿವಿಗೆ ಬಿದ್ದ ಕೂಡಲೇ ಮುಂದಿನದೆಲ್ಲ ನನಗೆ ಗೊತ್ತಾಗಿಬಿಡುತ್ತದೆ.

ಗಾಂಜಾ ಸೇದಿದರೆ ಅದರ ಅಮಲೇರಿಸುವ ಅಂಶವಾದ ಟಿಎಚ್‌ಸಿ ಶ್ವಾಸಕೋಶದಿಂದ ನಿಮಿಷಗಳಲ್ಲೇ ಮಿದುಳು ಮುಟ್ಟುತ್ತದೆ. ತಿಂದರೆ ಹಾಗಲ್ಲ. ಹೊಟ್ಟೆ, ಕರುಳು ದಾಟಿ ಯಕೃತ್ತಿಗೆ ಹೋಗಬೇಕು. ಅಲ್ಲಿ ಅದರ ಒಂದು ಪಾಲು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಾಗುತ್ತದೆ. ಅದೂ ಅಮಲಿನದೇ, ಮಿದುಳಿಗೆ ಸಲೀಸಾಗಿ ಇಳಿಯುವಂಥದು. ಇಷ್ಟಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ನೆತ್ತಿಗೇರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯ ನಡುವೆ, ಪೂರ್ತಿ ಇಳಿಯಲು ಆರೆಂಟು ಗಂಟೆ, ಕೆಲವರಿಗೆ ಹನ್ನೆರಡು. ಮುಕ್ಕಾಲು ಗಂಟೆಗೆ ಏನೂ ಅನ್ನಿಸದಿದ್ದರೆ ಅದು ಕೆಲಸ ಮಾಡಲಿಲ್ಲವೆಂದಲ್ಲ, ಇನ್ನೂ ದಾರಿಯಲ್ಲಿದೆ ಎಂದು. ಆಗ ಎರಡನೆಯದು ನುಂಗಿದರೆ ಎರಡೂ ಸೇರಿ ಬಂದು ಕದ ತಟ್ಟುತ್ತವೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

‘ಗಮ್ಮಿ ಮೃದುವಂತೆ, ಬ್ರೌನಿ ಜೋರಂತೆ, ಹೌದಾ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಗಮ್ಮಿ ಎಂದರೆ ಜೆಲ್ಲಿಯಂಥ ಮಿಠಾಯಿ, ಬ್ರೌನಿ ಎಂದರೆ ಚಾಕೊಲೇಟ್ ಕೇಕಿನ ತುಂಡು. ಆಕಾರಕ್ಕಿಂತ ಒಳಗಿನ ಮಿಲಿಗ್ರಾಂ ಮುಖ್ಯ. ಆದರೂ ವ್ಯತ್ಯಾಸವಿಲ್ಲದಿಲ್ಲ. ಟಿಎಚ್‌ಸಿಯನ್ನು ಅತಿ ಸಣ್ಣ ಹನಿಗಳಾಗಿ ಒಡೆದು ಬೆರೆಸಿದ ಪಾನೀಯ ಬೇಗ ಏರಬಹುದು. ಎಲ್ಲ ಪಾನೀಯವೂ ಹಾಗಲ್ಲ. ನಾಲಿಗೆಯಡಿ ಬಿಡುವ ಎಣ್ಣೆ ಬಾಯಿಯ ಒಳಪೊರೆಯಿಂದಲೇ ಸ್ವಲ್ಪ ರಕ್ತ ಸೇರುತ್ತದೆ, ಆದರೆ ಹೆಚ್ಚಿನವರು ಅದನ್ನು ಅರೆಕ್ಷಣದಲ್ಲಿ ನುಂಗಿಬಿಡುತ್ತಾರೆ; ಅಲ್ಲಿಗೆ ಅದೂ ಗಮ್ಮಿಯ ದಾರಿಯನ್ನೇ ಹಿಡಿಯಿತು. ಕೊಬ್ಬಿನ ಊಟದ ಜೊತೆ ತಿಂದರೆ ಟಿಎಚ್‌ಸಿ ಹೆಚ್ಚು ಹೀರಿಕೆಯಾಗುತ್ತದೆ. ನನಗೆ ನಿಜಕ್ಕೂ ಭಯ ಮನೆಯಲ್ಲಿ ಬೇಯಿಸಿದ್ದರದು. ಹಿಟ್ಟಿನಲ್ಲಿ ಸಮನಾಗಿ ಬೆರೆಯದೆ ಒಂದು ತುಂಡು ಸಪ್ಪೆ, ಪಕ್ಕದ್ದು ಮೂರು ಪಟ್ಟು ಇರಬಹುದು, ತಿಂದವರಿಗೆ ತಿಳಿಯುವ ಬಗೆಯೇ ಇಲ್ಲ. ಗಾಂಜಾದ ಇನ್ನೊಂದು ಅಂಶವಾದ ಸಿಬಿಡಿ ಮಾತ್ರ ಇರುವುದು ಅಮಲೇರಿಸುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಅಪಸ್ಮಾರದ ಕೆಲವು ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಕೇಳದೆ ಅದನ್ನೂ ಮುಟ್ಟಬಾರದು.

‘ಒಂದೇ ಪ್ಯಾಕೆಟ್ ತಿಂದಿದ್ದು’ ಎನ್ನುವುದೂ ಲೆಕ್ಕವಲ್ಲ. 2019ರಿಂದ ಇಂಥ ತಿನಿಸು ಕಾನೂನುಬದ್ಧವಾಗಿರುವ ಕೆನಡಾದಲ್ಲಿ ಒಂದು ಪ್ಯಾಕೆಟ್ಟಿಗೆ 10 ಮಿಲಿಗ್ರಾಂ ಮಿತಿ; ಅಮೆರಿಕದ ಕೊಲರಾಡೊದಲ್ಲಿ 10 ಎಂದರೆ ಒಂದು ಸಲದ್ದು, ಪ್ಯಾಕೆಟ್ಟಿನಲ್ಲಿ 100ರ ತನಕ ಇರಬಹುದು. ಹೊಸಬರಿಗೆ 5 ಕೂಡ ಹೆಚ್ಚಾದೀತು. ಕಾನೂನು ಒಪ್ಪದ ಕಡೆ ಸಿಗುವ ಸರಕಿನ ಮೇಲೆ ಬರೆದ ಅಂಕಿಯನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು, ನಾನಂತೂ ನಂಬುವುದಿಲ್ಲ.

ದೊಡ್ಡವರಿಗೆ ಎದೆ ಡವಗುಟ್ಟುವುದು, ವಾಂತಿ, ಸತ್ತೇಹೋಗುತ್ತೇನೆಂಬ ದಿಗಿಲು. ಇದಕ್ಕೆ ಪ್ರತಿಮದ್ದಿಲ್ಲ, ಮಂದ ಬೆಳಕು, ಜೊತೆಗೊಬ್ಬರು, ಕಾಯುವಿಕೆ. ಹೃದಯದ ಕಾಯಿಲೆ ಇದ್ದರೆ, ಎದೆನೋವು ಬಂದರೆ ಮನೆಯಲ್ಲಿ ಕಾಯಬೇಡಿ. ಮಗು ತಿಂದಿದ್ದರಂತೂ ಯೋಚಿಸುವುದೇ ಬೇಡ, ತಕ್ಷಣ ಕರೆತನ್ನಿ, ಪ್ಯಾಕೆಟ್ಟನ್ನೂ ತನ್ನಿ. ಪುಟ್ಟ ಮಕ್ಕಳಲ್ಲಿ ಮಂಪರು ಗಾಢವಾಗಿ ಉಸಿರಾಟವೇ ಕುಗ್ಗಬಹುದು. ಬೈಯುತ್ತಾರೆಂದು ಮುಚ್ಚಿಡಬೇಡಿ. ನಿಜ ಹೇಳಿದರೆ ಮಗುವಿಗೆ ಹತ್ತು ಪರೀಕ್ಷೆ ತಪ್ಪುತ್ತದೆ.

ಐವತ್ತು ದಾಟಿದ ಒಬ್ಬರು ನಿದ್ದೆಗೆಂದು ರಾತ್ರಿ ಹತ್ತಕ್ಕೆ ಒಂದು ಗಮ್ಮಿ, ಹತ್ತೂಮುಕ್ಕಾಲಿಗೆ ಇನ್ನೊಂದು, ಹನ್ನೊಂದೂವರೆಗೆ ಸಿಟ್ಟಿನಿಂದ ಮತ್ತೊಂದು ತಿಂದಿದ್ದರು. ಒಂದು ಗಂಟೆಗೆ ಗಂಡನನ್ನು ಎಬ್ಬಿಸಿ, ‘ನಾನು ಹೋಗಿಬಿಟ್ಟೆ, ಮಕ್ಕಳಿಗೆ ಹೇಳಿ’ ಎಂದರಂತೆ. ನಾಡಿ 130 ದಾಟಿತ್ತು, ಇಸಿಜಿಯಲ್ಲಿ ಬೇರೆ ದೋಷವಿರಲಿಲ್ಲ. ಬೆಳಗಿನವರೆಗೆ ನರ್ಸಿನ ಕೈ ಬಿಡಲಿಲ್ಲ. ಎಚ್ಚರವಾದ ಮೇಲೆ ಮೇಲಿನದೆಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ‘ಆ ಮೊದಲನೇದು ಕೆಟ್ಟು ಹೋಗಿತ್ತು ಅನ್ಸುತ್ತೆ, ಅಲ್ವಾ ಡಾಕ್ಟ್ರೇ?’ ಎಂದರು.