ಪಂಚಾಯಿತಿಯಲ್ಲಿ ಅರ್ಧ, ವಿಧಾನಸಭೆಯಲ್ಲಿ ಹತ್ತು

2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು 10. ಶೇಕಡ 4.5ರಷ್ಟೂ ಆಗಲಿಲ್ಲ. ಇದೇ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಸದಸ್ಯರು ಮಹಿಳೆಯರು. ಮತದಾರರು ಅವರೇ, ಊರುಗಳೂ ಅವೇ. ಮಹಿಳಾ ಮೀಸಲಾತಿಯನ್ನು ಪರೀಕ್ಷೆಗಾಗಿ ಓದುವವರು ಈ ಅಂತರ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಓದಿದರೆ ಸಂವಿಧಾನದ ವಿಧಿಗಳ ಸಂಖ್ಯೆಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಸ್ಥಳೀಯ ಸಂಸ್ಥೆಗಳ ಮಹಿಳಾ ಮೀಸಲಾತಿ ಸಂವಿಧಾನದ 73ನೇ ತಿದ್ದುಪಡಿಯಿಂದ ಶುರುವಾಯಿತು ಎಂದು ಬರೆಯುವವರು ನಮ್ಮದೇ ಇತಿಹಾಸವನ್ನು ಮರೆಯುತ್ತಾರೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆರು ವರ್ಷಗಳ ನಂತರ, 1993ರ ಏಪ್ರಿಲ್ 24ರಂದು.

ಅದು ಸೇರಿಸಿದ 243ಡಿ ವಿಧಿಯಲ್ಲಿ ಒಂದು ಪದಪುಂಜವನ್ನು ಗಮನವಿಟ್ಟು ಓದಬೇಕು: ಮಹಿಳೆಯರಿಗೆ ಮೂರನೇ ಒಂದಕ್ಕಿಂತ 'ಕಡಿಮೆಯಿಲ್ಲದಷ್ಟು' ಸ್ಥಾನ. ಇದು ಕನಿಷ್ಠ ಮಿತಿ. ಹಾಗಾಗಿಯೇ 2010ರಲ್ಲಿ ಕರ್ನಾಟಕ ಈ ಪ್ರಮಾಣವನ್ನು ಶೇಕಡ 50ಕ್ಕೆ ಏರಿಸಿತು. ನಗರಸಭೆ, ಪಾಲಿಕೆಗಳಿಗೆ ಇಂಥದ್ದೇ ವಿಧಿ 243ಟಿ.

ಲೆಕ್ಕದಲ್ಲಿ ಹಲವರು ಎಡವುತ್ತಾರೆ. 20 ಸದಸ್ಯರ ಪಂಚಾಯಿತಿಯೊಂದರಲ್ಲಿ ಪರಿಶಿಷ್ಟ ಜಾತಿಗೆ 4 ಸ್ಥಾನಗಳಿವೆ ಎನ್ನೋಣ. ಆ ನಾಲ್ಕರಲ್ಲಿ 2 ಮಹಿಳೆಯರಿಗೆ. ಮಹಿಳೆಯರ ಒಟ್ಟು 10 ಸ್ಥಾನಗಳೊಳಗೆ ಈ ಎರಡೂ ಸೇರಿರುತ್ತವೆ, ಹೊರಗಿನಿಂದ ಕೂಡಿಸುವಂತಿಲ್ಲ. ಇನ್ನೊಂದು ಮಾತು: ಪಟ್ಟಿಯಲ್ಲಿ 'ಸಾಮಾನ್ಯ' ಎಂದಿರುವ ಕ್ಷೇತ್ರವನ್ನು ಹಳ್ಳಿಗಳಲ್ಲಿ ಗಂಡಸರ ಸೀಟು ಎಂದೇ ಮಾತನಾಡಿಕೊಳ್ಳುತ್ತಾರೆ. ಅದು ಯಾರಿಗೂ ಮೀಸಲಲ್ಲ. ಅಲ್ಲಿ ಮಹಿಳೆಯೂ ನಿಲ್ಲಬಹುದು.

ಗೆದ್ದವರ ಹೆಸರಿನಲ್ಲಿ ಗಂಡನೇ ಅಧಿಕಾರ ನಡೆಸುತ್ತಾನೆ ಎಂಬ ದೂರು ಹಳೆಯದು, ಎಷ್ಟೋ ಕಡೆ ನಿಜ ಕೂಡ. ಆದರೆ ಅಷ್ಟಕ್ಕೇ ನಿಲ್ಲಿಸುವ ಉತ್ತರ ನನಗೆ ಅನ್ಯಾಯವೆನಿಸುತ್ತದೆ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅವರು ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಮುಖ್ಯಸ್ಥರ ಹುದ್ದೆ ಮಹಿಳೆಗೆ ಮೀಸಲಾಗಿದ್ದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ಹಾಕಿದ್ದನ್ನು ತೋರಿಸಿತು. ಎರಡೂ ಕಡೆ ಮಹಿಳೆಯರು ಹೆಚ್ಚಾಗಿ ಕೇಳುತ್ತಿದ್ದದ್ದು ನೀರನ್ನೇ. ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದು ಕೊಳವೆಬಾವಿಯವರೆಗೂ ಮುಟ್ಟುತ್ತದೆ.

ಹಾಗಾದರೆ ಪಂಚಾಯಿತಿಯಿಂದ ವಿಧಾನಸೌಧಕ್ಕೆ ದಾರಿ ಏಕೆ ತೆರೆಯಲಿಲ್ಲ? ನನ್ನ ದೃಷ್ಟಿಯಲ್ಲಿ ಕಾರಣ ಬಿ ಫಾರಂ, ಅಂದರೆ ಪಕ್ಷ ತನ್ನ ಅಧಿಕೃತ ಅಭ್ಯರ್ಥಿಗೆ ಕೊಡುವ ಪತ್ರ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಅಲ್ಲಿ ಗೆದ್ದವಳಿಗೆ ಜನಬೆಂಬಲ ಸಿಕ್ಕಿರುತ್ತದೆ, ಆದರೆ ಪಕ್ಷದೊಳಗೆ ಸ್ಥಾನ ಸಿಕ್ಕಿರುವುದಿಲ್ಲ. ಅಧ್ಯಕ್ಷ ಹುದ್ದೆಯ ಮೀಸಲಾತಿ 30 ತಿಂಗಳಿಗೊಮ್ಮೆ ಬದಲಾಗುತ್ತದೆ; ಕಡತ, ಕ್ರಿಯಾಯೋಜನೆ, ಬಿಲ್ಲುಗಳ ಒಳಹೊರಗು ತಿಳಿಯುವ ಹೊತ್ತಿಗೆ ಇಳಿಯಬೇಕು. ವಿಧಾನಸಭೆಗೆ ಟಿಕೆಟ್ ಹಂಚುವವರು ಹಣವನ್ನೂ ಜಾತಿ ಲೆಕ್ಕವನ್ನೂ ಮೊದಲು ನೋಡುತ್ತಾರೆ. ಮಹಿಳೆ ಗೆಲ್ಲುವುದಿಲ್ಲ ಎಂಬ ನೆಪಕ್ಕೆ ಗುಂಡ್ಲುಪೇಟೆಯೇ ಉತ್ತರ: ಅಲ್ಲಿಂದ ಕೆ.ಎಸ್. ನಾಗರತ್ನಮ್ಮ ಏಳು ಬಾರಿ ಗೆದ್ದರು, 1972ರಿಂದ 1978ರವರೆಗೆ ಸ್ಪೀಕರ್ ಆಗಿದ್ದರು.

ವಿಧಾನಸಭೆಗೂ ಮೀಸಲಾತಿ ತರುವ ಮೊದಲ ಮಸೂದೆ 1996ರ ಸೆಪ್ಟೆಂಬರ್‌ನಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಮಂಡನೆಯಾಯಿತು. 2010ರಲ್ಲಿ ರಾಜ್ಯಸಭೆ ಒಪ್ಪಿದರೂ ಲೋಕಸಭೆಯಲ್ಲಿ ಅದು ಮುಂದೆ ಸಾಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ 106ನೇ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು: ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು. ವಿಧಾನ ಪರಿಷತ್ತು, ರಾಜ್ಯಸಭೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಜನಗಣತಿ, ನಂತರ ಕ್ಷೇತ್ರ ಮರುವಿಂಗಡಣೆ, ಆಮೇಲೆ ಮೀಸಲಾತಿ ಎಂಬ ಕ್ರಮವನ್ನು 334ಎ ವಿಧಿಯಲ್ಲಿ ಬರೆಯಲಾಯಿತು. ಈ ಷರತ್ತನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

224ಕ್ಕೆ ಲೆಕ್ಕ ಹಾಕಿದರೆ ಮೂರನೇ ಒಂದು ಎಂದರೆ ಸುಮಾರು 75. ಅಷ್ಟು ಅಭ್ಯರ್ಥಿಗಳನ್ನು ಹುಡುಕಲು ಪಕ್ಷಗಳು ನಾಯಕರ ಮನೆಗಳ ಹೆಂಡತಿ, ಸೊಸೆಯರತ್ತ ನೋಡುವ ಮೊದಲು ಮಾಜಿ ಅಧ್ಯಕ್ಷೆಯರ ಪಟ್ಟಿಯನ್ನು ತೆರೆಯಲಿ. ಅಂಥವರು ಪ್ರತಿ ತಾಲ್ಲೂಕಿನಲ್ಲಿಯೂ ಸಿಗುತ್ತಾರೆ.