ಅರ್ಧ-ಅರ್ಧ ಎಂಬ ಲೆಕ್ಕ

"ನಮ್ಮನೇಲಿ ಎರಡು ಭಾಷೆಗೂ ಸಮಪಾಲು. ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್." ನನ್ನೆದುರು ಕೂತು ಹೀಗೆ ಹೇಳುವ ತಂದೆತಾಯಿಯರು ಒಬ್ಬಿಬ್ಬರಲ್ಲ. ಒಳ್ಳೆಯ ಜನ, ಮಗುವಿಗೆ ಅನ್ಯಾಯವಾಗಬಾರದೆಂದೇ ಹಾಗೆ ಮಾಡುತ್ತಾರೆ. ಆದರೂ ಆ ಮಾತು ಕೇಳಿದರೆ ನನಗೆ ಈಗೀಗ ತಾಳ್ಮೆ ಉಳಿಯುವುದಿಲ್ಲ. ಉತ್ತರ ಕೊಡುವ ಬದಲು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ಕೊಡುತ್ತೇನೆ. ವಾರದ ಏಳು ದಿನಕ್ಕೆ ಏಳು ಸಾಲು, ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಗಂಟೆಗೊಂದು ಚೌಕ, ಒಟ್ಟು 91. ಮಗುವಿನ ಕಿವಿಗೆ ಫ್ರೆಂಚ್ ಬಿದ್ದ ಗಂಟೆಗೆ ನೀಲಿ, ಇಂಗ್ಲಿಷ್ ಬಿದ್ದ ಗಂಟೆಗೆ ಕೆಂಪು. ತುಂಬಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಓದಿದವಳು. ಈಗ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್‌ನಲ್ಲಿ ಮಕ್ಕಳ ಮಾತಿನ ಚಿಕಿತ್ಸಕಿ. ಇಲ್ಲಿನ ಫ್ರೆಂಚ್ ಭಾಷಿಕರು ಅಕೇಡಿಯನ್ನರು, ಹಿಂದೆ ಈ ಕರಾವಳಿಗೆ ಬಂದು ನೆಲೆಸಿದ ಫ್ರೆಂಚರ ವಂಶಸ್ಥರು. 1755ರಲ್ಲಿ ಬ್ರಿಟಿಷರು ಇವರ ಪೂರ್ವಿಕರನ್ನು ಹಡಗಿಗೆ ತುಂಬಿ ಗಡೀಪಾರು ಮಾಡತೊಡಗಿದರು. ಆ ಕೆಲಸಕ್ಕೆ ಕೈಹಾಕಿದ ಸೇನಾಧಿಕಾರಿಯೊಬ್ಬನ ಹೆಸರನ್ನೇ ಈ ಊರು ಹೊತ್ತುಕೊಂಡಿದೆ. ತಪ್ಪಿಸಿಕೊಂಡವರು, ಅಲೆದು ಮರಳಿದವರು ಉಳಿಸಿಕೊಂಡ ಫ್ರೆಂಚ್ ಇದು. 1969ರ ಕಾಯ್ದೆಯಿಂದ ಪ್ರಾಂತ್ಯ ಅಧಿಕೃತವಾಗಿ ದ್ವಿಭಾಷಿ. ಕಾನೂನಿನ ಕಣ್ಣಲ್ಲಿ ಎರಡೂ ಭಾಷೆ ಸಮ. ಅರ್ಧ-ಅರ್ಧದ ಲೆಕ್ಕ ಹುಟ್ಟುವುದು ಬಹುಶಃ ಅಲ್ಲಿಂದಲೇ.

ಕಳೆದ ಚಳಿಗಾಲದಲ್ಲಿ ಒಂದು ಜೋಡಿ ಬಂದಿತ್ತು. ಆಕೆ ಕರಾವಳಿಯ ಮೀನುಗಾರರ ಹಳ್ಳಿಯ ಅಕೇಡಿಯನ್ ಹೆಣ್ಣುಮಗಳು. ಆತ ನದಿಯಾಚೆಯ ರಿವರ್‌ವ್ಯೂನವನು, ಬರುವುದು ಇಂಗ್ಲಿಷ್ ಒಂದೇ. ಮಗನಿಗೆ ನಾಲ್ಕು ವರ್ಷ. ಅಮ್ಮ ಫ್ರೆಂಚಿನಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ನಾನು ಅವನ ಹತ್ತಿರ ಯಾವಾಗಲೂ ಫ್ರೆಂಚೇ ಆಡ್ತೀನಿ" ಅಂದಳು. ಒಂದು ವಾರದ ಮೇಲೆ ಹಾಳೆ ಬಂತು. 91 ಚೌಕಗಳಲ್ಲಿ ನೀಲಿ 14.

ಆಕೆ ಸುಳ್ಳಾಡಿರಲಿಲ್ಲ. ಮಗನ ಜೊತೆ ಒಬ್ಬಳೇ ಇದ್ದಾಗ ಫ್ರೆಂಚೇ ಆಡುತ್ತಿದ್ದಳು. ಆದರೆ ಒಬ್ಬಳೇ ಇರುವ ಹೊತ್ತಾದರೂ ಎಷ್ಟು? ಹಗಲೆಲ್ಲ ಶಿಶುವಿಹಾರ, ಅಲ್ಲಿ ಇಂಗ್ಲಿಷ್. ಸಂಜೆ ಗಂಡ ಬಂದ ಕೂಡಲೇ, ಅವನನ್ನು ಮಾತಿನಿಂದ ಹೊರಗಿಟ್ಟಂತಾಗಬಾರದೆಂದು ಊಟದ ಮೇಜು ಇಂಗ್ಲಿಷಿಗೆ ತಿರುಗುತ್ತಿತ್ತು. ಟಿವಿ ಇಂಗ್ಲಿಷ್, ಹಾಕಿ ಅಭ್ಯಾಸ ಇಂಗ್ಲಿಷ್, ಅಪ್ಪನ ಕಡೆಯ ಅಜ್ಜಿಮನೆ ಇಂಗ್ಲಿಷ್. ಹಾಳೆಯನ್ನು ನೋಡುತ್ತ ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಜನ ಮತ್ತೆ ಮತ್ತೆ ತಪ್ಪು ತಿಳಿಯುವುದು ಇಲ್ಲೇ. ತಕ್ಕಡಿಯ ಒಂದು ತಟ್ಟೆಯಲ್ಲಿ ಆಗಲೇ ಹತ್ತು ಸೇರು ಇದೆ ಅನ್ನಿ. ನೀವು ಎರಡೂ ಕಡೆ ಒಂದೊಂದು ಸೇರು ಹಾಕಿದರೆ ಮುಳ್ಳು ನಡುವೆ ನಿಲ್ಲುತ್ತದೆಯೇ? ಮಾಂಕ್ಟನ್‌ನಲ್ಲಿ ಇಂಗ್ಲಿಷಿನ ಹತ್ತು ಸೇರನ್ನು ಅಂಗಡಿ, ಮೈದಾನ, ಯೂಟ್ಯೂಬ್ ಮೊದಲೇ ಹಾಕಿಟ್ಟಿವೆ. ಪಕ್ಕದ ಊರು ಡಿಯೆಪ್‌ನಲ್ಲಿ ಫ್ರೆಂಚ್ ಭಾಷಿಕರೇ ಹೆಚ್ಚು. ಅಲ್ಲಿಯೂ ಐದು ಫ್ರೆಂಚ್ ಮಕ್ಕಳ ಆಟಕ್ಕೆ ಇಂಗ್ಲಿಷ್ ಮಾತ್ರ ಬಲ್ಲ ಒಬ್ಬ ಹುಡುಗ ಸೇರಿದರೆ ಸಾಕು, ಇಡೀ ಆಟ ಇಂಗ್ಲಿಷಿಗೆ ಹೊರಳುವುದನ್ನು ಎಷ್ಟು ಸಲ ಕಂಡಿದ್ದೇನೋ. ಮನೆಯಲ್ಲಿ ಅರ್ಧ ಕೊಟ್ಟರೆ ಮಗುವಿನ ಇಡೀ ಬದುಕಿನಲ್ಲಿ ಫ್ರೆಂಚಿಗೆ ಸಿಗುವುದು ಕಾಲು ಪಾಲೂ ಅಲ್ಲ.

ಇದು ನನ್ನೊಬ್ಬಳ ಅನುಭವವಲ್ಲ. ಇದೇ ಊರಿನ ವಿಶ್ವವಿದ್ಯಾಲಯದ ರೊಡ್ರಿಗ್ ಲಾಂಡ್ರಿ ಮತ್ತು ರೆಯಾಲ್ ಅಲಾರ್ ಕೆನಡಾದ ಫ್ರೆಂಚ್ ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಶಾಲೆಯಲ್ಲಿ ಫ್ರೆಂಚ್ ಹೆಚ್ಚಿದಷ್ಟೂ ಮಕ್ಕಳ ಫ್ರೆಂಚ್ ಗಟ್ಟಿಯಾಯಿತು, ಅದರಿಂದ ಇಂಗ್ಲಿಷಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಇಂಗ್ಲಿಷನ್ನು ಸಮಾಜವೇ ಕಲಿಸುತ್ತದೆ. ಹಗುರವಾದ ತಟ್ಟೆಗೆ ತೂಕ ಹಾಕುವ ಕೆಲಸ ಮನೆ ಮತ್ತು ಶಾಲೆಯದು. ಮಗು ನಿಜವಾಗಿ ಎರಡೂ ಭಾಷೆಯವನಾಗಬೇಕಾದರೆ ನೀವು ಒಂದೇ ಭಾಷೆಗೆ ಪಕ್ಷಪಾತ ಮಾಡಬೇಕು. ಎಷ್ಟು ಸಲ ಹೇಳಿದರೂ ಇದು ಒಮ್ಮೆಗೇ ತಲೆಗೆ ಹೋಗುವುದಿಲ್ಲ.

ಇದೇ ಸಮಪಾಲಿನ ಆಸೆಯಿಂದ ಕೆಲವರು ಮಗುವನ್ನು ಫ್ರೆಂಚ್ ಶಾಲೆ ಬಿಟ್ಟು ಇಮರ್ಶನ್ ತರಗತಿಗೆ, ಅಂದರೆ ಇಂಗ್ಲಿಷ್ ಶಾಲೆಯೊಳಗೇ ಫ್ರೆಂಚಿನಲ್ಲಿ ಪಾಠ ನಡೆಯುವ ತರಗತಿಗೆ, ಹಾಕುತ್ತಾರೆ. ಆ ಪದ್ಧತಿ 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಶುರುವಾದದ್ದೇ ಇಂಗ್ಲಿಷ್ ಮನೆಗಳ ಮಕ್ಕಳಿಗಾಗಿ. ಅವರ ಅಳತೆಗೆ ಹೊಲಿದ ಅಂಗಿ ಅದು. ಪಾಠ ಫ್ರೆಂಚಿನಲ್ಲಿ ನಡೆದರೂ ಬಿಡುವಿನ ಗಂಟೆ ಹೊಡೆದರೆ ಅಂಗಳದ ತುಂಬ ಇಂಗ್ಲಿಷ್.

ಹಾಳೆ ಕೆಳಗಿಟ್ಟ ಮೇಲೆ ಆ ತಾಯಿ ಇನ್ನೊಂದು ಮಾತು ಹೇಳಿದಳು. "ನನ್ನ ಫ್ರೆಂಚ್ ಚೆನ್ನಾಗಿಲ್ಲ, ಶಿಯಾಕ್. ಅವನಿಗೆ ತಪ್ಪು ಭಾಷೆ ಕಲಿಸೋದು ಬೇಡ ಅಂತ." ಶಿಯಾಕ್ ಎಂದರೆ ಈ ಭಾಗದ ಆಡುಮಾತು, ಫ್ರೆಂಚ್ ವ್ಯಾಕರಣದೊಳಗೆ ಇಂಗ್ಲಿಷ್ ಪದಗಳನ್ನು ಹೆಣೆದುಕೊಂಡದ್ದು. ಅದರ ಜೊತೆಗೇ ಅಕೇಡಿಯನ್ನರ ಬಾಯಲ್ಲಿ ಪ್ಯಾರಿಸ್ಸು ಎಂದೋ ಮರೆತ ಹಳೆಯ ಪದಗಳೂ ಉಳಿದಿವೆ. ಮಿಂಚಿಗೆ ಪುಸ್ತಕದಲ್ಲಿ 'ಎಕ್ಲೇರ್', ಇವರ ಅಜ್ಜಿಯರ ಬಾಯಲ್ಲಿ 'ಎಲ್ವಾಜ್'. ಆ ಪದ ಆಡಿದ್ದಕ್ಕೆ ಶಾಲೆಯಲ್ಲಿ ನಕ್ಕಿದ್ದರಂತೆ, ಅಂದಿನಿಂದ ಬಿಟ್ಟಳಂತೆ. ನನ್ನ ಕಣ್ಣು ತುಂಬಿ ಬಂತು. ತಾಯಿ ನಾಚಿಕೆಯಿಂದ ನುಂಗಿಕೊಂಡ ಮಾತನ್ನು ಮಗುವಿಗೆ ಇನ್ಯಾರು ಕೊಟ್ಟಾರು? ಪುಸ್ತಕದ ಫ್ರೆಂಚನ್ನು ಶಾಲೆ ಕಲಿಸುತ್ತದೆ. ಮುದ್ದಿನ, ಗದರಿಕೆಯ, ಅಡುಗೆಮನೆಯ ಫ್ರೆಂಚ್ ನಿಮ್ಮಿಂದಲೇ ಬರಬೇಕು, ಅದು ಶಿಯಾಕ್ ಆಗಿದ್ದರೂ ಸರಿಯೇ.

ಇನ್ನೊಂದು ವಿಷಯ ಇಲ್ಲಿ ಹುಟ್ಟಿ ಬೆಳೆದವರಿಗೂ ಗೊತ್ತಿರುವುದಿಲ್ಲ. ಕೆನಡಾ ಸಂವಿಧಾನದ ಭಾಗವಾದ 1982ರ ಹಕ್ಕುಗಳ ಸನ್ನದಿನ 23ನೇ ವಿಧಿ ಮಕ್ಕಳನ್ನು ಫ್ರೆಂಚ್ ಶಾಲೆಗೆ ಕಳಿಸುವ ಹಕ್ಕನ್ನು ಕೊಡುವುದು ಮುಖ್ಯವಾಗಿ ಯಾರಿಗೆ? ಮೊದಲು ಕಲಿತ, ಇನ್ನೂ ಅರ್ಥವಾಗುವ ಭಾಷೆ ಫ್ರೆಂಚ್ ಆಗಿರುವ ಪೌರರಿಗೆ, ಇಲ್ಲವೇ ಕೆನಡಾದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಫ್ರೆಂಚಿನಲ್ಲಿ ಪಡೆದವರಿಗೆ. ಇಂದು ಈ ನಾಲ್ಕು ವರ್ಷದವನಿಗೆ ಎರಡೂ ದಕ್ಕದೆ ಹೋದರೆ ನಾಳೆ ಅವನ ಮಕ್ಕಳಿಗೆ ಆ ಹಕ್ಕು ಅವನ ಕಡೆಯಿಂದ ಬರುವುದಿಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಮನೆಯಲ್ಲೇ ರೋಗ ನಿರ್ಣಯಕ್ಕೆ ಇಳಿಯಬೇಡಿ. ಎರಡು ವರ್ಷವಾದರೂ ಎಲ್ಲ ಭಾಷೆಗಳ ಪದ ಕೂಡಿಸಿ ಐವತ್ತು ದಾಟದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ನಮ್ಮಂಥವರಲ್ಲಿಗೆ ಬನ್ನಿ. ಎರಡು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಿಕ್ಕದ್ದು ಆಯಾ ಮಗುವನ್ನು ನೋಡಿಯೇ ಹೇಳಬೇಕಾದದ್ದು.

ಇಲ್ಲಿಗೆ ಬಂದ ಕನ್ನಡದ ಮನೆಯವರೂ ಕೇಳುತ್ತಾರೆ, ಫ್ರೆಂಚಿಗೆ ಜಾಗ ಮಾಡಲು ಕನ್ನಡ ಬಿಡೋಣವೇ ಎಂದು. ಬೇಡವೇ ಬೇಡ. ಮನೆಯೊಳಗೆ ಏನಾದರೂ ಬಿಡಬೇಕೆಂದರೆ ಇಂಗ್ಲಿಷ್ ಬಿಡಿ, ಅದು ಹೊರಗೆ ಕಾಯುತ್ತಲೇ ಇರುತ್ತದೆ. ನನಗೆ ಈ ಬುದ್ಧಿ ಬಂದದ್ದು ತಡವಾಗಿ. ನನ್ನ ದೊಡ್ಡ ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಮೈಸೂರಿನಿಂದ ಅಜ್ಜಿ ಫೋನು ಮಾಡಿದರೆ ಉತ್ತರ ಇಂಗ್ಲಿಷಿನಲ್ಲಿ. ಆ ಕಡೆ ಅಮ್ಮ ಸುಮ್ಮನಾಗುವುದು ನನಗೆ ಕೇಳಿಸುತ್ತದೆ.

ಆ ಜೋಡಿ ಏಪ್ರಿಲ್‌ನಲ್ಲಿ ಮತ್ತೆ ಬಂತು. ಶಿಶುವಿಹಾರ ಬದಲಾಗಿತ್ತು. ಊಟದ ಮೇಜಿನಲ್ಲಿ ಅಮ್ಮ-ಮಗನದು ಫ್ರೆಂಚೇ ಆಗಲಿ, ಅರ್ಥವಾಗದ್ದನ್ನು ಕೇಳಿ ತಿಳಿದುಕೊಳ್ಳುತ್ತೇನೆ ಎಂದು ಗಂಡನೇ ಮುಂದಾಗಿದ್ದ. ನೀಲಿ ಚೌಕ 52. ಹುಡುಗ ಈಗಲೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರಿಸುತ್ತಾನೆ, ಇನ್ನೂ ಕಾಯಬೇಕು. ಹೊರಡುವಾಗ ಆ ತಂದೆ ಜೇಬಿನಿಂದ ಪೆನ್ನು ತೆಗೆದು ನನ್ನನ್ನು ಕೇಳಿದ: "ಎಲ್ವಾಜ್, ಹೇಗೆ ಬರೆಯೋದು?"

ನಾನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಒಂದೊಂದೇ ಅಕ್ಷರ ಹೇಳತೊಡಗಿದಳು.