ಹೊಸ ಪಾಸ್‌ಬುಕ್ ಬೇಡ, ಮೊದಲು ನಿಮ್ಮ ಆಧಾರ್ ಯಾವ ಬ್ಯಾಂಕಿನಲ್ಲಿ ಕೂತಿದೆ ನೋಡಿ

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ಕಳೆದ ತಿಂಗಳು ನನ್ನ ಹತ್ತಿರ ಬಂದಿದ್ದರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ಒಂದೊಂದೇ ಪಾಸ್‌ಬುಕ್ ತೆಗೆದು ಟೇಬಲ್ ಮೇಲೆ ಜೋಡಿಸಿದರು. ಒಟ್ಟು ಐದು. ಐದರಲ್ಲಿ ಮೂರು ಖಾತೆಗೆ ಒಂದು ವರ್ಷವೂ ತುಂಬಿಲ್ಲ. "ಸರ್, ಗೃಹಲಕ್ಷ್ಮಿ ದುಡ್ಡು ಬರ್ತಾ ಇಲ್ಲ. ಹೊಸ ಅಕೌಂಟ್ ಮಾಡ್ಸಿ ಅಂದ್ರು, ಮಾಡ್ಸಿದೆ. ಆದ್ರೂ ಬರ್ಲಿಲ್ಲ. ಇನ್ನೊಂದು ಮಾಡ್ಸಿ ಅಂದ್ರು, ಅದನ್ನೂ ಮಾಡ್ಸಿದೆ."

ಯಾರು ಹಾಗೆ ಹೇಳಿದ್ದು ಅಂತ ನಾನು ಕೇಳಲಿಲ್ಲ. ಎಲ್ಲರೂ ಹೇಳುತ್ತಾರೆ. ಪಕ್ಕದ ಮನೆಯವರು, ಜೆರಾಕ್ಸ್ ಅಂಗಡಿಯವರು, ಒಮ್ಮೊಮ್ಮೆ ಶಾಲೆಯವರು, ಬ್ಯಾಂಕಿನವರೂ. ಮೂವತ್ತು ವರ್ಷ ಬ್ಯಾಂಕ್ ಕೌಂಟರಿನ ಆ ಬದಿಯಲ್ಲಿ ಕೂತಿದ್ದೆ. ಈಗ ದಾವಣಗೆರೆಯಲ್ಲಿ ಜನರಿಗೆ ಹಣಕಾಸಿನ ತಿಳಿವಳಿಕೆ ಕೊಡುವ ಕೆಲಸ ಮಾಡುತ್ತೇನೆ. ಮಕ್ಕಳಿರುವ ಬಡ ಕುಟುಂಬಗಳಿಗೆ ಸರ್ಕಾರದಿಂದ ಬರಬೇಕಾದ ದುಡ್ಡು ತಡವಾಗಲು, ನಿಂತುಹೋಗಲು, ಎಲ್ಲೋ ಹೋಗಿ ಕೂರಲು ನಾನು ಅತಿ ಹೆಚ್ಚು ಸಲ ಕಂಡ ಕಾರಣ ಈ ಒಂದು ಸಲಹೆ: "ಹೊಸ ಅಕೌಂಟ್ ಮಾಡಿಸಿ." ದಯವಿಟ್ಟು ಮಾಡಿಸಬೇಡಿ. ಮಾಡಿಸುವ ಮುಂಚೆ ಇದನ್ನು ಪೂರ್ತಿ ಓದಿ.

ಯೋಜನೆಗಳ ಪಟ್ಟಿ ಹೇಳಲು ಹೋಗುವುದಿಲ್ಲ, ನಿಮಗೆ ಗೊತ್ತಿರುವುದೇ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ. ಮಾತೃ ವಂದನಾದಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣು ಮಗುವಾದರೆ 6,000. ಶಾಲೆ ಕಾಲೇಜಿನ ಮಕ್ಕಳಿಗೆ ಸ್ಕಾಲರ್‌ಶಿಪ್. ಕಟ್ಟಡ ಕಾರ್ಮಿಕರ ಮಕ್ಕಳಿಗೆ, ಬೀಡಿ ಕಟ್ಟುವವರ ಮಕ್ಕಳಿಗೆ ಬೇರೆ ಬೇರೆ ಸಹಾಯಧನ. ಇವುಗಳಲ್ಲಿ ಹೆಚ್ಚಿನವು ಬರುವುದು ಡಿಬಿಟಿ ಮೂಲಕ, ಅಂದರೆ ನೇರವಾಗಿ ಖಾತೆಗೆ. ಯಾವ ಖಾತೆಗೆ? ಎಲ್ಲರೂ ಎಡವುವುದು ಈ ಪ್ರಶ್ನೆಯಲ್ಲೇ.

ನೀವು ಅರ್ಜಿಯ ಜೊತೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿರುತ್ತೀರಿ. ಹಾಗಾಗಿ ದುಡ್ಡು ಆ ನಂಬರಿಗೇ ಬರುತ್ತದೆ ಅಂದುಕೊಳ್ಳುತ್ತೀರಿ. ಆಧಾರ್ ಆಧಾರಿತ ಪಾವತಿಯಲ್ಲಿ ಹಾಗಾಗುವುದಿಲ್ಲ. ಇಲಾಖೆ ದುಡ್ಡು ಕಳಿಸುವುದು ನಿಮ್ಮ ಆಧಾರ್ ನಂಬರಿಗೆ. ಬ್ಯಾಂಕುಗಳ ನಡುವೆ ದುಡ್ಡಿನ ರವಾನೆ ನಡೆಸುವ ಎನ್‌ಪಿಸಿಐ ಅಂತ ಒಂದು ಸಂಸ್ಥೆ ಇದೆ. ಅದರ ಹತ್ತಿರ ಒಂದು ದೊಡ್ಡ ಪಟ್ಟಿ ಇದೆ, ಮ್ಯಾಪರ್ ಅಂತಾರೆ. ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ನಂಬರಿನ ಎದುರು ಒಂದು ಬ್ಯಾಂಕಿನ ಗುರುತು ಇರುತ್ತದೆ. ಗಮನಿಸಿ, ಒಂದೇ ಬ್ಯಾಂಕ್. ಖಾತೆ ನಂಬರೂ ಅಲ್ಲಿರುವುದಿಲ್ಲ. ದುಡ್ಡು ಆ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಯಾವ ಖಾತೆಗೆ ಹಾಕಬೇಕು ಅನ್ನುವುದನ್ನು ಆ ಬ್ಯಾಂಕ್ ತನ್ನ ಲೆಕ್ಕದಲ್ಲಿ ನೋಡಿ ಹಾಕುತ್ತದೆ.

ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ತಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂಟೆಯ ಮೇಲೆ ಯಾವ ಅಂಗಡಿಯ ಚೀಟಿ ಇದೆಯೋ ಹಮಾಲರು ಅಲ್ಲೇ ಇಳಿಸುತ್ತಾರೆ. ನೀವು ಮನಸ್ಸಿನಲ್ಲಿ ಯಾವ ಅಂಗಡಿ ಅಂದುಕೊಂಡಿದ್ದೀರಿ ಅಂತ ಅವರು ಕೇಳುವುದಿಲ್ಲ. ಹಳೆ ಚೀಟಿಯ ಮೇಲೆ ಇನ್ನೊಂದು ಅಂಟಿಸಿದರೆ ಮೇಲಿನದೇ ಲೆಕ್ಕ. ಮ್ಯಾಪರ್‌ನಲ್ಲೂ ಹಾಗೇ. ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್, ಅಂದರೆ ಸರ್ಕಾರದ ದುಡ್ಡಿಗಾಗಿ ಆಧಾರ್ ಜೋಡಣೆ, ಆಯಿತೋ ಆ ಬ್ಯಾಂಕಿನ ಹೆಸರು ಉಳಿಯುತ್ತದೆ, ಹಿಂದಿನದು ಹೋಗುತ್ತದೆ.

ಇಷ್ಟು ಹೇಳಿದ ಮೇಲೂ ಹತ್ತರಲ್ಲಿ ಎಂಟು ಜನ ಕೇಳುವುದು ಒಂದೇ ಪ್ರಶ್ನೆ. "ಆದ್ರೆ ಸರ್, ನನ್ನ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆಯಲ್ಲ?" ಆಗಿರುತ್ತದೆ. ಐದೂ ಪಾಸ್‌ಬುಕ್ಕಿಗೆ ಆಗಿರುತ್ತದೆ. ಅದು ಬೇರೆ ಲಿಂಕ್. ಖಾತೆ ತೆರೆಯುವಾಗ ನೀವು ಯಾರು ಅಂತ ಗುರುತಿಸಲು ಆಧಾರ್ ಕೊಡುತ್ತೀರಿ, ಅದು ಕೆವೈಸಿ. ಎಷ್ಟು ಬ್ಯಾಂಕಿನಲ್ಲಿ ಬೇಕಾದರೂ ಮಾಡಿಸಬಹುದು. "ಸರ್ಕಾರದ ದುಡ್ಡು ಈ ಬ್ಯಾಂಕಿಗೇ ಬರಲಿ" ಅಂತ ಒಪ್ಪಿಗೆ ಬರೆದುಕೊಡುವುದು ಸೀಡಿಂಗ್. ಅದು ಒಂದು ಹೊತ್ತಿಗೆ ಒಂದೇ ಬ್ಯಾಂಕಿನಲ್ಲಿ ಇರಲು ಸಾಧ್ಯ. ಎರಡಕ್ಕೂ ಜನ ಲಿಂಕ್ ಅಂತಲೇ ಅನ್ನುತ್ತಾರೆ. ಕೌಂಟರಿನಲ್ಲಿ ಕೂತವರೂ "ಲಿಂಕ್ ಆಗಿದೆ, ಹೋಗಿ" ಅಂದುಬಿಡುತ್ತಾರೆ. ಅವರು ಹೇಳಿದ್ದು ಒಂದು ಲಿಂಕ್, ನೀವು ಕೇಳಿಸಿಕೊಂಡಿದ್ದು ಇನ್ನೊಂದು. ಮುಂದಿನ ಸಲ "ಲಿಂಕ್ ಆಗಿದೆಯಾ" ಅಂತ ಕೇಳಲೇಬೇಡಿ. "ಡಿಬಿಟಿಗೆ ಎನ್‌ಪಿಸಿಐನಲ್ಲಿ ನನ್ನ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ" ಅಂತ ಕೇಳಿ. ಬಾಯಿಗೆ ಬರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನೇ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ.

ಹೊಸ ಖಾತೆ ಯಾಕೆ ಕೆಡಿಸುತ್ತದೆ ಅಂತ ಈಗ ಗೊತ್ತಾಗಿರಬೇಕು. ಖಾತೆ ತೆರೆಯುವ ಫಾರಂನಲ್ಲಿ ಡಿಬಿಟಿ ಒಪ್ಪಿಗೆಗೆ ಒಂದು ಜಾಗ ಇರುತ್ತದೆ. ಅಲ್ಲಿ ಟಿಕ್ ಬಿದ್ದರೆ ಮ್ಯಾಪಿಂಗ್ ಈ ಬ್ಯಾಂಕಿಗೆ ಬರುತ್ತದೆ, ಬೀಳದಿದ್ದರೆ ಹಳೆಯ ಕಡೆಯೇ ಇರುತ್ತದೆ. ಟಿಕ್ ಬಿತ್ತೋ ಇಲ್ಲವೋ ನಿಮಗೆ ಗೊತ್ತೇ ಇರುವುದಿಲ್ಲ. ಮೂರು ಖಾತೆ ತೆರೆದರೆ ದುಡ್ಡು ಮೂರರಲ್ಲಿ ಎಲ್ಲಿದೆ ಅಂತ ಹುಡುಕುವ ಕೆಲಸ ಹೊಸದಾಗಿ ಸೇರುತ್ತದೆ, ಅಷ್ಟೇ. ನಾನು ಕೌಂಟರಿನಲ್ಲಿದ್ದ ಕಾಲದಲ್ಲಿ ನಾವೂ ಗ್ರಾಹಕರನ್ನು ಸರಿಯಾಗಿ ಕೇಳದೆ ಎಷ್ಟೋ ಸಲ ಆ ಟಿಕ್ ಹಾಕಿದ್ದೇವೆ. ಕ್ಯಾಂಪ್ ಇರುತ್ತಿತ್ತು, ಸಂಜೆಯೊಳಗೆ ಇಷ್ಟು ಖಾತೆ ಅಂತ ಲೆಕ್ಕ ಇರುತ್ತಿತ್ತು. ಯಾವುದೋ ತಾಯಿಯ ದುಡ್ಡು ಅವರಿಗೆ ಗೊತ್ತಿಲ್ಲದೆ ನಮ್ಮ ಬ್ಯಾಂಕಿಗೆ ತಿರುಗಿರಬಹುದು ಅಂತ ಆಗ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಸಿಮ್‌ಗೆ ಆಧಾರ್ ಪರಿಶೀಲನೆ ಮಾಡಿಸಲು ಹೋದವರಿಗೆ ಗೊತ್ತಿಲ್ಲದೆ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋದದ್ದು 2017ರಲ್ಲಿ ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಎಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೀರಿ, ಯಾಕೆ ಅಂತ ಕೇಳಿಯೇ ಒತ್ತಿ.

ಮಂಡಕ್ಕಿ ಭಟ್ಟಿಯ ತಾಯಿಯ ಕಥೆಗೆ ಬರುತ್ತೇನೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಜಾಗ ಇದೆ. ಆಧಾರ್‌ಗೆ ಕೊಟ್ಟ ಮೊಬೈಲಿಗೆ ಓಟಿಪಿ ಬರುತ್ತದೆ, ಹಾಕಿದರೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಅವರ ಪುಣ್ಯ, ನಂಬರ್ ಇನ್ನೂ ಅದೇ ಇತ್ತು. ಹೆಬ್ಬೆಟ್ಟು ಒತ್ತಿ ನೋಡಬೇಕಾಗಿದ್ದರೆ ಕಷ್ಟವಾಗುತ್ತಿತ್ತು. ವರ್ಷಗಟ್ಟಲೆ ಬಿಸಿ ಮರಳಿನಲ್ಲಿ ಅಕ್ಕಿ ಹುರಿದ ಕೈ. ಬೆರಳ ತುದಿ ನುಣ್ಣಗಾಗಿ ಗೆರೆಗಳೇ ಕಾಣುತ್ತಿರಲಿಲ್ಲ. ಓಟಿಪಿ ಹಾಕಿದೆವು. ಪರದೆ ಮೇಲೆ ಬಂದ ಬ್ಯಾಂಕಿನ ಹೆಸರು ಐದು ಪಾಸ್‌ಬುಕ್ಕಿನಲ್ಲಿ ಯಾವುದರ ಮೇಲೂ ಇಲ್ಲ!

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಅಯ್ಯೋ, ಅದು ಹರಿಹರದ್ದು ಸರ್. ನಮ್ಮಮ್ಮನ ಮನೇಲಿದ್ದಾಗ ಸಂಘದ ಸಾಲಕ್ಕೆ ಅಂತ ಮಾಡ್ಸಿದ್ದು. ಆ ಪಾಸ್‌ಬುಕ್ ಟ್ರಂಕಲ್ಲಿ ಇರ್ಬೇಕು" ಅಂದರು. ಹಳೆಯ ಖಾತೆ, ಅವರೇ ಮರೆತುಬಿಟ್ಟಿದ್ದರು. ಮ್ಯಾಪಿಂಗ್ ಮಾತ್ರ ಅಲ್ಲೇ ಉಳಿದಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹೀಗೆ ಸಿಕ್ಕ ಎಲ್ಲರಿಗೂ ದುಡ್ಡು ಅಲ್ಲೇ ಕಾದಿರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಆ ಖಾತೆ ಮುಚ್ಚಿದ್ದರೆ ಅಥವಾ ಆ ಬ್ಯಾಂಕ್ ಒಪ್ಪಿಕೊಳ್ಳದಿದ್ದರೆ ದುಡ್ಡು ಇಲಾಖೆಗೆ ವಾಪಸ್ ಹೋಗಿರುತ್ತದೆ. ಮತ್ತೆ ಕೊಡುವುದು ಇಲಾಖೆಗೆ ಬಿಟ್ಟದ್ದು, ತಿಂಗಳುಗಟ್ಟಲೆ ಆಗಬಹುದು. ದುಡ್ಡು ನಿಲ್ಲಲು ಬೇರೆ ಕಾರಣವೂ ಇರಬಹುದು. ಗೃಹಲಕ್ಷ್ಮಿಯಲ್ಲಿ ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾದರೆ, ಜಿಎಸ್‌ಟಿ ರಿಟರ್ನ್ ಹಾಕುವವರಾದರೆ ಬರುವುದಿಲ್ಲ. ಬೈಕ್ ಲೋನ್‌ಗೆ ಬೇಕು ಅಂತ ಯಾರೋ ಹೇಳಿದ್ದಕ್ಕೆ ಗಂಡ ರಿಟರ್ನ್ ಹಾಕಿಸಿದ, ತೆರಿಗೆ ಒಂದು ರೂಪಾಯಿ ಕಟ್ಟಿಲ್ಲ, ಆದರೂ ದುಡ್ಡು ನಿಂತಿತು ಅನ್ನುವವರೂ ಬರುತ್ತಾರೆ. ಅದಕ್ಕೆ ದಾಖಲೆ ಹಿಡಿದು ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೇ ಹೋಗಬೇಕು, ಬ್ಯಾಂಕಿನಲ್ಲಿ ಪರಿಹಾರ ಇಲ್ಲ. ಆದರೆ ಮೊದಲು ಮ್ಯಾಪಿಂಗ್ ನೋಡಿ. ಅದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ.

ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಜಾಸ್ತಿ. ಜಗಳೂರಿನ ಹುಡುಗಿ, ಚನ್ನಗಿರಿಗೆ ಕೊಟ್ಟಿದ್ದಾರೆ ಅನ್ನಿ. ಕಾಲೇಜಿನಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಜಗಳೂರಲ್ಲಿ ಖಾತೆ, ಅಲ್ಲಿಗೇ ಸೀಡಿಂಗ್. ಗರ್ಭಿಣಿಯಾದ ಮೇಲೆ ಅಂಗನವಾಡಿ ಟೀಚರ್ ಮಾತೃ ವಂದನಾಗೆ ಹೆಸರು ಬರೆಸುತ್ತಾರೆ, ಗಂಡನ ಮನೆಯವರು ಚನ್ನಗಿರಿಯ ಖಾತೆ ಕೊಡುತ್ತಾರೆ. 3,000ದ ಮೊದಲ ಕಂತು ಜಗಳೂರಿಗೆ ಹೋಗುತ್ತದೆ. ಅದರ ಎಸ್ಸೆಮ್ಮೆಸ್ ಅಪ್ಪನ ಮೊಬೈಲಿಗೆ. ಈ ಕಡೆ ಅತ್ತೆ, "ಟೀಚರ್ ಸರಿಯಾಗಿ ಬರೆಸಿಲ್ಲ" ಅಂತ ಅಂಗನವಾಡಿಗೆ ಹೋಗಿ ಜಗಳ. ಆ ಟೀಚರಮ್ಮಂದಿರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ತಮ್ಮದಲ್ಲದ ತಪ್ಪಿಗೆ ಬೈಗುಳ ತಿಂದೂ, ಅದೇ ಬಾಣಂತಿಯನ್ನು ಕರೆದುಕೊಂಡು ನಮ್ಮ ಹತ್ತಿರ ಬರುತ್ತಾರೆ.

ಮಕ್ಕಳ ಸ್ಕಾಲರ್‌ಶಿಪ್‌ನಲ್ಲಿ ಇನ್ನೊಂದು ಗಂಟು ಇದೆ. ತಾಯಿಯ ಆಧಾರ್ ಮ್ಯಾಪ್ ಆಗಿದ್ದರೆ ಮಗುವಿಗೂ ಆದಂತೆ ಅಂತ ತುಂಬಾ ಜನ ತಿಳಿದಿದ್ದಾರೆ. ಮಗುವಿನ ಆಧಾರ್ ನಂಬರಿಗೆ ಬರುವ ದುಡ್ಡಿಗೆ ಮಗುವಿನ ಆಧಾರ್ ಮ್ಯಾಪ್ ಆಗಿರಬೇಕು, ಮಗುವಿನ ಹೆಸರಲ್ಲೇ ಖಾತೆ ಇರಬೇಕು. ಮಗುವಿನ ಹೆಸರಲ್ಲಿ ಇನ್ನೂ ಖಾತೆಯೇ ಇಲ್ಲದಿದ್ದರೆ ಮಾತ್ರ ಹೊಸ ಪಾಸ್‌ಬುಕ್ ನ್ಯಾಯ. ಮಗುವಿನ ಆಧಾರ್ ಕೂಡ ಜೀವಂತ ಇರಬೇಕು. 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಒಮ್ಮೆ ಬೆರಳಚ್ಚು, ಕಣ್ಣು ಹೊಸದಾಗಿ ಕೊಡಿಸಬೇಕು. ಅಂಗನವಾಡಿ ವಯಸ್ಸಿನ ಫೋಟೋ ಇಟ್ಟುಕೊಂಡೇ ಹೈಸ್ಕೂಲಿಗೆ ಬಂದ ಮಕ್ಕಳನ್ನು ನೋಡಿದ್ದೇನೆ. ಹೆಸರು ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೂ ತೊಡಕು. ಇನಿಷಿಯಲ್ ಹಿಂದೆಮುಂದೆ ಆಗಿರುವುದೇ ಹೆಚ್ಚು. ಅದನ್ನು ಜೂನ್‌ಗೆ ಮುಂಚೆ ಸರಿ ಮಾಡಿಸಿ, ಅರ್ಜಿಯ ಕೊನೇ ದಿನ ಅಲ್ಲ.

ಹದಿನೆಂಟು ತುಂಬಿದ ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮ ನೋಡಿಕೊಳ್ಳುತ್ತಿದ್ದ ಮೈನರ್ ಖಾತೆ ತಾನಾಗೇ ದೊಡ್ಡವರ ಖಾತೆ ಆಗುವುದಿಲ್ಲ. ಬ್ಯಾಂಕಿಗೆ ಹೋಗಿ ಹೊಸದಾಗಿ ಕೆವೈಸಿ, ಸಹಿ ಕೊಡಬೇಕು. 2006-07ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಬಾಂಡ್‌ನ ಮೊದಲ ಹೆಣ್ಣುಮಕ್ಕಳಿಗೆ ಈಗ ಹದಿನೆಂಟು ದಾಟಿದೆ. ಬಾಂಡ್ ಪೇಪರನ್ನು ಅಷ್ಟು ವರ್ಷ ದೇವರ ಫೋಟೋ ಹಿಂದೆ ಜೋಪಾನ ಮಾಡಿದ ಮನೆಗಳಲ್ಲೇ, ಬಾಂಡಿನ ದುಡ್ಡು ಬರಬೇಕಾದ ಹುಡುಗಿಯ ಖಾತೆ ಚಾಲ್ತಿಯಲ್ಲಿ ಇರುವುದಿಲ್ಲ.

ಬದಲಾಯಿಸುವುದು ಕಷ್ಟದ ಕೆಲಸ ಅಲ್ಲ. ದುಡ್ಡು ಯಾವ ಬ್ಯಾಂಕಿಗೆ ಬರಬೇಕೋ ಆ ಶಾಖೆಗೆ ನೀವೇ ಹೋಗಿ. ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ ಕೇಳಿ. ಅದರಲ್ಲಿ, ಈಗ ಇಂಥ ಬ್ಯಾಂಕಿನಲ್ಲಿದೆ, ನಿಮ್ಮಲ್ಲಿಗೆ ಬದಲಾಯಿಸಿ ಅನ್ನುವ ಸಾಲು ಇರುತ್ತದೆ, ಹಳೆ ಬ್ಯಾಂಕಿನ ಹೆಸರು ತುಂಬಿ. ಸಹಿ ಹಾಕಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಕೆಲವು ದಿನ ಬಿಟ್ಟು ಮತ್ತೆ ಸ್ಟೇಟಸ್ ನೋಡಿ. ಫಾರಂ ಕೊಟ್ಟ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಪರದೆ ಮೇಲೆ ಆ ಬ್ಯಾಂಕಿನ ಹೆಸರು ಕಂಡಾಗಲೇ ಆದಂತೆ. ಮೊಬೈಲ್ ಇಲ್ಲದವರು, ನಂಬರ್ ಬದಲಾದವರು ತಮ್ಮ ಶಾಖೆಯಲ್ಲಿ ಕೇಳಿ. ಅವರ ಸಿಸ್ಟಂನಲ್ಲೂ ನೋಡಲು ಬರುತ್ತದೆ. ಯಾವ ಯೋಜನೆಯ ದುಡ್ಡು ಯಾವತ್ತು ಬಂತು ಅನ್ನುವುದಕ್ಕೆ ಡಿಬಿಟಿ ಕರ್ನಾಟಕ ಅಂತ ಆ್ಯಪ್ ಇದೆ. ಯಾರಾದರೂ ಫೋನ್ ಮಾಡಿ "ಸೀಡಿಂಗ್ ಮಾಡಿಕೊಡ್ತೀವಿ, ಓಟಿಪಿ ಹೇಳಿ" ಅಂದರೆ ಫೋನ್ ಇಡಿ.

ಆ ತಾಯಿ ಮುಂದಿನ ಸೋಮವಾರ ಹರಿಹರದ ಬಸ್ ಹತ್ತಿದರು. ಒಂದು ದಿನದ ಕೂಲಿ ಹೋಯಿತು. ಟ್ರಂಕಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಗುರುವಾರ ಶಾಲೆ ಬಿಟ್ಟ ಮೇಲೆ ಏಳನೇ ಕ್ಲಾಸಿನ ಮಗನನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ಎರಡು ಪುಟ ತುಂಬಾ ಎಂಟ್ರಿ. ಹುಡುಗ ಬೆರಳಿಟ್ಟು ಒಂದೊಂದೇ ಸಾಲು ಜೋರಾಗಿ ಓದಿದ. ಎರಡು ಸಾವಿರ, ಎರಡು ಸಾವಿರ, ಎರಡು ಸಾವಿರ. ನಡುವೆ ಎರಡು ತಿಂಗಳು ಇರಲಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡೆವು, ಸಿಡಿಪಿಓ ಕಚೇರಿಯಲ್ಲಿ ಕೇಳಲು. ಆಮೇಲೆ ಅವರು ಕವರಿನಿಂದ ಮಗನ ಆಧಾರ್ ತೆಗೆದು ನನ್ನ ಮುಂದೆ ಇಟ್ಟರು. "ಇವಂದು ಯಾವ ಬ್ಯಾಂಕಲ್ಲಿದೆ, ಅದನ್ನೂ ನೋಡ್ರಿ ಸರ್."